ಬೆಳ್ಳಿ ಜಾಲರಿಯೋ, ಬೂದು ಸ್ವೇಡೋ? ದಪ್ಪ ಸೋಲಿನ ಶೂ ಕೊಳ್ಳುವ ಮುನ್ನ

ಬೆಳಿಗ್ಗೆ ಒಂಬತ್ತರ ಮೆಟ್ರೊದಲ್ಲಿ ಸೀಟು ಸಿಗದೆ ನಿಂತಿದ್ದಾಗ ಒಮ್ಮೆ ಮೊಬೈಲ್‌ನಿಂದ ಕಣ್ಣು ತೆಗೆದು ಕೆಳಗೆ ನೋಡಿ. ದಪ್ಪ ಸೋಲ್, ಪದರದ ಮೇಲೆ ಪದರ ಹೊಲಿದ ಮೈ, ಪಕ್ಕದಲ್ಲಿ ಅಂಕುಡೊಂಕು ಪಟ್ಟಿಗಳು. ಹಳೇ ಕಾಲದ ಓಟದ ಶೂಗಳೇ ಮತ್ತೆ ಬಂದಂತೆ ಕಾಣುತ್ತವೆ. ಹದಿನೈದು–ಇಪ್ಪತ್ತು ವರ್ಷದ ಹಿಂದೆ ಇಂಥವನ್ನು ಹಾಕ್ಕೊಂಡು ಪಾರ್ಕ್ ಸುತ್ತುತ್ತಿದ್ದವರು ಬೆಳಗಿನ ವಾಕಿಂಗ್ ಅಂಕಲ್‌ಗಳು. ಅದಕ್ಕೇ ಇವಕ್ಕೆ ‘ಡ್ಯಾಡ್ ಶೂ’ ಅಂತ ಹೆಸರು. ಅಪ್ಪ ಹಾಕಿದರೆ ವಾಕಿಂಗ್ ಶೂ, ಮಗ ಹಾಕಿದರೆ ಸ್ಟೈಲ್. ಅಷ್ಟೇ ವ್ಯತ್ಯಾಸ!

ಈ ಹುಚ್ಚಿಗೆ ದೊಡ್ಡ ತಳ್ಳು ಸಿಕ್ಕಿದ್ದು 2017ರಲ್ಲಿ. ಬಲೆನ್ಸಿಯಾಗ ಅನ್ನುವ ದುಬಾರಿ ಫ್ಯಾಷನ್ ಮನೆ ‘ಟ್ರಿಪಲ್ ಎಸ್’ ಎಂಬ ಶೂ ತಂದಿತು. ಮೂರು ಬೇರೆ ಬೇರೆ ಶೂಗಳ ಸೋಲ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ಆ ಹೆಸರು. ಅದರ ಬೆಲೆ ನಮ್ಮಂಥವರ ಕೈಗೆಟುಕುವಂಥದ್ದಲ್ಲ. ಆದರೆ ಆಮೇಲೆ ಓಟದ ಶೂ ಮಾಡುವ ಹಳೆಯ ಕಂಪನಿಗಳೆಲ್ಲ ತಮ್ಮ ಅಟ್ಟ ಹತ್ತಿ ಹಳೆಯ ಮಾಡೆಲ್‌ಗಳ ಧೂಳು ಕೊಡವಿದವು.

ನನಗೂ ಒಂದು ಜೋಡಿ ಬೇಕಿತ್ತು. ಕೆಂಗೇರಿ ಕಡೆಯಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ, ಅಲ್ಲಿಂದ ಆಫೀಸಿಗೆ ನಡಿಗೆ, ಭಾನುವಾರ ಸಂತೆ–ಸಾಮಾನು. ಕಾಲಿಗೆ ಕೆಲಸ ಜಾಸ್ತಿ. ದೀಪಾವಳಿ ಬೋನಸ್‌ನಲ್ಲಿ ಹದಿನಾರು ಸಾವಿರ ಎತ್ತಿಟ್ಟೆ. ಊರಿಗೆ ಕಳಿಸೋದು, ಪಿಜಿ ಬಾಡಿಗೆ ಎಲ್ಲ ಕಳೆದು ಉಳಿದದ್ದು ಅದು. ಇಂಥ ಖರ್ಚು ವರ್ಷ–ಎರಡು ವರ್ಷಕ್ಕೆ ಒಮ್ಮೆ ಮಾತ್ರ. ಹಾಗಾಗಿ ಯಾವುದು ಅಂತ ನಿರ್ಧರಿಸೋಕೆ ತಿಂಗಳೇ ಹಿಡಿಯಿತು. ಕೊನೆಗೆ ಉಳಿದದ್ದು ಎರಡು: ಏಸಿಕ್ಸ್‌ನ ಜೆಲ್-ಕಯಾನೊ 14 ಮತ್ತು ನ್ಯೂ ಬ್ಯಾಲೆನ್ಸ್‌ನ 2002ಆರ್. ನಾನು ನೋಡಿದಾಗ ಎರಡರ ಬೆಲೆಯೂ ಹದಿನೈದು ಸಾವಿರದ ಆಸುಪಾಸು.

ಎರಡು ಘರಾನೆ

ದಪ್ಪ ಸೋಲಿನ ರೆಟ್ರೊ ಶೂಗಳೆಲ್ಲ ದೂರದಿಂದ ಒಂದೇ ಥರ ಕಂಡರೂ ಹತ್ತಿರ ಹೋದರೆ ಎರಡು ಘರಾನೆಗಳು ಸಿಗುತ್ತವೆ.

ಒಂದು ಬೆಳ್ಳಿ–ಜಾಲರಿಯ ಘರಾನೆ. ತೆಳುವಾದ ಬಲೆ ಬಟ್ಟೆ, ಅದರ ಮೇಲೆ ಹೊಳೆಯುವ ಸಿಂಥೆಟಿಕ್ ಪಟ್ಟಿಗಳು. 2000ರ ದಶಕದ ಓಟದ ಶೂಗಳ ರೂಪ ಅದು. ಆಗಿನ ಫ್ಲಿಪ್ ಫೋನ್, ಸಿಡಿ ಪ್ಲೇಯರ್ ನೆನಪಿಸುವ ಮಿರಿಮಿರಿ. ಕಯಾನೊ 14 ಈ ಗುಂಪಿನ ಮುಂದಾಳು. ಅದರ ಮೂಲ ಮಾಡೆಲ್ ಬಂದದ್ದು 2008ರಲ್ಲಿ.

ಇನ್ನೊಂದು ಬೂದು–ಸ್ವೇಡ್ ಘರಾನೆ. ಸ್ವೇಡ್ ಅಂದರೆ ಚರ್ಮದ ಒಳಮೈಯನ್ನು ಉಜ್ಜಿ ಮಖಮಲ್ಲಿನಂತೆ ಮಾಡಿದ್ದು. ಹೊಳಪಿಲ್ಲ, ಗದ್ದಲವಿಲ್ಲ. ಫಾರ್ಮಲ್ ಪ್ಯಾಂಟ್ ಕೆಳಗೂ ನಡೆಯುತ್ತದೆ, ಜೀನ್ಸ್ ಕೆಳಗೂ ನಡೆಯುತ್ತದೆ. 2002ಆರ್ ಈ ಗುಂಪಿನದು. ಇದರ ಮೂಲ ಮಾಡೆಲ್ 2010ರದ್ದು. ಹೆಸರಿನಲ್ಲಿ 2002 ಇದೆಯಲ್ಲ ಅಂತ ಅದು 2002ನೇ ಇಸವಿಯ ಶೂ ಅಂದುಕೊಳ್ಳಬೇಡಿ. ಅದು ಬರೀ ಮಾಡೆಲ್ ನಂಬರು. 2020ರಲ್ಲಿ ‘ಆರ್’ ಸೇರಿಸಿಕೊಂಡು ಮರಳಿ ಬಂತು. ಸ್ಟೀವ್ ಜಾಬ್ಸ್ ಕಾಲಲ್ಲಿ ಸದಾ ಕಾಣುತ್ತಿದ್ದ ಬೂದು ಶೂಗಳು ನೆನಪಿದ್ದರೆ, ಅವು ಇದೇ ಕಂಪನಿಯ 991, 992 ಮಾಡೆಲ್‌ಗಳು. ಒಂದೇ ಮನೆತನ.

ಕೋಳಿ ಕಾಲು, ಆಕ್ಟೋಪಸ್ ಸಲಾಡ್

ಎರಡೂ ಕಂಪನಿಗಳ ಹುಟ್ಟಿನ ಕಥೆ ಕೇಳಿದರೆ ನಗು ಬರುತ್ತೆ. 1906ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ರೈಲಿ ಎಂಬಾತ ಪಾದದ ಕಮಾನಿಗೆ ಆಸರೆ ಕೊಡುವ ಒಳಪಟ್ಟಿಗಳನ್ನು ಮಾಡಲು ಶುರು ಮಾಡಿದ. ಕೋಳಿ ಮೂರು ಬೆರಳಿನ ಮೇಲೆ ಅಷ್ಟು ಚೆನ್ನಾಗಿ ಸಮತೋಲನದಲ್ಲಿ ನಿಲ್ಲುವುದನ್ನು ನೋಡಿ ಈ ಯೋಚನೆ ಬಂತು, ಗಿರಾಕಿಗಳಿಗೆ ತೋರಿಸೋಕೆ ಮೇಜಿನ ಮೇಲೆ ಕೋಳಿ ಕಾಲನ್ನೇ ಇಟ್ಟುಕೊಂಡಿದ್ದ ಅನ್ನೋದು ಕಂಪನಿ ಹೇಳಿಕೊಂಡು ಬಂದಿರುವ ಕಥೆ. ‘ನ್ಯೂ ಬ್ಯಾಲೆನ್ಸ್’ ಹೆಸರು ಬಂದದ್ದು ಹಾಗೆ. ಅಂದರೆ ಇವರ ಮೂಲ ಕಸುಬು ಶೂ ಅಲ್ಲ, ಪಾದಕ್ಕೆ ಆಸರೆ. 1960ರಲ್ಲಿ ಬಂದ ಇವರ ‘ಟ್ರ್ಯಾಕ್‌ಸ್ಟರ್’ ಓಟದ ಶೂ ಒಂದೇ ಉದ್ದಕ್ಕೆ ಬೇರೆ ಬೇರೆ ಅಗಲಗಳಲ್ಲಿ ಸಿಗುತ್ತಿತ್ತು. ಈ ಅಗಲದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇತ್ತ ಜಪಾನಿನ ಕೋಬೆ ನಗರ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದಲ್ಲಿ, 1949ರಲ್ಲಿ, ಕಿಹಾಚಿರೊ ಒನಿತ್ಸುಕ ಎಂಬಾತ ಕ್ರೀಡೆಯಿಂದಲೇ ಹುಡುಗರನ್ನು ದಾರಿಗೆ ತರಬಹುದು ಅಂತ ಶೂ ಕಂಪನಿ ಶುರು ಮಾಡಿದ. ಬ್ಯಾಸ್ಕೆಟ್‌ಬಾಲ್ ಆಟಗಾರರು ಜಾರದಂಥ ಸೋಲ್ ಹೇಗೆ ಮಾಡೋದು ಅಂತ ತಲೆ ಕೆಡಿಸಿಕೊಂಡಿದ್ದಾಗ ಊಟದ ತಟ್ಟೆಯಲ್ಲಿದ್ದ ಆಕ್ಟೋಪಸ್ ಸಲಾಡ್ ಕಣ್ಣಿಗೆ ಬಿತ್ತು. ಅದರ ಕಾಲಿನ ಹೀರುಬಟ್ಟಲುಗಳಂತೆಯೇ ಗುಳಿಗಳಿರುವ ಸೋಲ್ ತಯಾರಾಯಿತು. ಈ ಕಂಪನಿಯ ಶೂಗಳನ್ನೇ 1964ರಿಂದ ಅಮೆರಿಕದಲ್ಲಿ ಮಾರಿ ಬೆಳೆದವರು ಮುಂದೆ ನೈಕಿ ಕಟ್ಟಿದರು. 1977ರಲ್ಲಿ ಒನಿತ್ಸುಕ ಇನ್ನೆರಡು ಕಂಪನಿಗಳ ಜೊತೆ ಸೇರಿ ‘ಏಸಿಕ್ಸ್’ ಆಯಿತು. ‘ಆರೋಗ್ಯವಂತ ದೇಹದಲ್ಲಿ ಆರೋಗ್ಯವಂತ ಮನಸ್ಸು’ ಎಂಬರ್ಥದ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು. 1986ರಲ್ಲಿ ಹಿಮ್ಮಡಿಯ ಕೆಳಗೆ ಆಘಾತ ತಡೆಯುವ ‘ಜೆಲ್’ ಬಂತು. 1993ರಲ್ಲಿ ತೊಷಿಕಾಜು ಕಯಾನೊ ಎಂಬ ವಿನ್ಯಾಸಕಾರ ಕೊಂಬಿನಂಥ ದವಡೆಯ ಜೀರುಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಶೂ ಮಾಡಿದರು. ಶೂಗೆ ಅವರ ಹೆಸರೇ ಉಳಿಯಿತು.

ಈ ಕಥೆಗಳನ್ನೆಲ್ಲ ಓದಿ ಮುಗಿಸುವ ಹೊತ್ತಿಗೆ ನನಗೆ ಎರಡೂ ಬೇಕು ಅನ್ನಿಸಿತ್ತು. ಆದರೆ ಕಥೆ ಕಾಲಿಗೆ ಹಾಕ್ಕೊಳ್ಳೋಕೆ ಆಗಲ್ಲವಲ್ಲ!

ಇದು ಓಡೋಕಲ್ಲ

ಮೊದಲ ಸ್ಪಷ್ಟನೆ. ಇವು ಓಟದ ಶೂಗಳ ವಂಶದವು ನಿಜ. ಆದರೆ ಈಗ ಮಾರಾಟವಾಗುತ್ತಿರೋದು ಓಡೋರಿಗಲ್ಲ. ಏಸಿಕ್ಸ್ ಓಟಗಾರರಿಗಾಗಿ ಕಯಾನೊ ಸರಣಿಯನ್ನು ಇವತ್ತಿಗೂ ಮುಂದುವರಿಸಿದೆ. 2023ರಲ್ಲೇ 30ನೇ ಕಯಾನೊ ಬಂದಿತ್ತು. ಹಾಗಿರುವಾಗ 14ನೆಯದನ್ನು ಕಟ್ಟಿಕೊಂಡು ಟಿಸಿಎಸ್ 10ಕೆಗೆ ತಯಾರಾಗುವುದು ಬೇಡ. ಹದಿನೈದು ವರ್ಷದಲ್ಲಿ ಓಟದ ಶೂಗಳ ಫೋಮ್ ತುಂಬಾ ಹಗುರವಾಗಿದೆ. ಓಡುವ ಆಸೆ ಇದ್ದರೆ ಅದೇ ದುಡ್ಡಿಗೆ ಈಗಿನ ಓಟದ ಶೂ ತಗೊಳ್ಳಿ.

ನಡೆಯೋಕೆ, ನಿಲ್ಲೋಕೆ ಮಾತ್ರ ಎರಡೂ ಚೆನ್ನ. ಕಯಾನೊದಲ್ಲಿ ಪಾದದ ನಡುಭಾಗ ತಿರುಚದಂತೆ ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ತುಂಡಿದೆ. ಹಾಗಾಗಿ ಕಾಲು ಹಿಡಿದಿಟ್ಟಂತೆ ಭದ್ರ ಅನ್ನಿಸುತ್ತೆ. 2002ಆರ್‌ನಲ್ಲಿ ‘ಅಬ್ಜಾರ್ಬ್’ ಎಂಬ ಮೆತ್ತೆ. ಹೆಜ್ಜೆ ಇಟ್ಟಾಗ ಸ್ವಲ್ಪ ಕುಸಿದು ಮೇಲೇಳುವ ಹಿತ. ಯಾವುದು ಹಿತ ಅನ್ನೋದು ನಿಮ್ಮ ಕಾಲಿಗೆ ಬಿಟ್ಟದ್ದು.

ನಮ್ಮೂರಿನ ಪರೀಕ್ಷೆ

ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಎಲ್ಲ ಶೂಗಳೂ ಒಣ ನೆಲದ ಮೇಲೇ ನಡೀತವೆ. ಬೆಂಗಳೂರಿನಲ್ಲಿ ನಡೆಯುವ ಶೂಗೆ ನಾಲ್ಕು ಪರೀಕ್ಷೆಗಳಿವೆ.

ಮಳೆ: ಸಂಜೆ ಆರಕ್ಕೆ ಸುರಿಯುವ ಮಳೆಗೆ ಜಾಲರಿ ಬಟ್ಟೆ ಒಂದು ನಿಮಿಷವೂ ತಡೆಯಲ್ಲ, ಸಾಕ್ಸ್‌ವರೆಗೂ ನೀರು. ಆದರೆ ಬೇಗ ಒಣಗುತ್ತೆ. ಸ್ವೇಡ್ ನೀರು ಕುಡಿದರೆ ಕಲೆ ಬೀಳುತ್ತೆ, ಒಣಗಿದ ಮೇಲೆ ಬಿರುಸಾಗುತ್ತೆ. ಒದ್ದೆಯಾದರೆ ಬಿಸಿಲಿಗೂ ಹಾಕಬೇಡಿ, ಹೇರ್ ಡ್ರೈಯರ್ ಕೂಡ ಬೇಡ. ಒಳಗೆ ನ್ಯೂಸ್‌ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ. ವಾಷಿಂಗ್ ಮೆಷಿನ್‌ಗೆ ಹಾಕುವ ಮಾತೇ ಇಲ್ಲ.

ಧೂಳು: ಬೂದು ಸ್ವೇಡ್ ನಮ್ಮ ರಸ್ತೆಗೆ ಹೇಳಿ ಮಾಡಿಸಿದಂತಿದೆ, ಧೂಳಿನ ಬಣ್ಣವೂ ಅದೇ! ಬಿಳಿ ಜಾಲರಿಯ ಕಣ್ಣುಗಳಲ್ಲಿ ಕೆಂಪು ಮಣ್ಣು ಕೂತರೆ ಹಳೇ ಟೂತ್‌ಬ್ರಷ್ಷೇ ಗತಿ.

ಗೇರ್: ಬೈಕ್ ಓಡಿಸುವವರು ಅಂಗಡಿಯಲ್ಲಿ ಇದನ್ನು ಯೋಚಿಸೋದೇ ಇಲ್ಲ. ಗೇರ್ ಲಿವರ್ ಎಡಗಾಲಿನ ಶೂ ಮೂತಿಯನ್ನು ದಿನಕ್ಕೆ ನೂರಾರು ಸಲ ಉಜ್ಜುತ್ತೆ. ಸ್ವೇಡ್ ಮೇಲೆ ಕಪ್ಪು ಗೆರೆ, ಜಾಲರಿ ಮೇಲಾದರೆ ಮೊದಲು ಎಳೆ ಏಳುತ್ತೆ, ಆಮೇಲೆ ತೂತು. ಲಿವರ್‌ಗೆ ರಬ್ಬರ್ ತೊಡಿಸಿ, ಇಲ್ಲಾಂದ್ರೆ ಬೈಕ್‌ಗೆ ಬೇರೆ ಶೂ ಇಟ್ಟುಕೊಳ್ಳಿ.

ಹೊಸಿಲು: ನಾವು ದಿನಕ್ಕೆ ಎಷ್ಟು ಸಲ ಶೂ ಬಿಚ್ಚುತ್ತೀವಿ ಅಂತ ಲೆಕ್ಕ ಹಾಕಿದ್ದೀರಾ? ಮನೆ, ದೇವಸ್ಥಾನ, ನೆಂಟರ ಮನೆ, ಕೆಲವು ಕ್ಲಿನಿಕ್‌ಗಳು. ಲೇಸ್ ಬಿಚ್ಚದೆ ಹಿಮ್ಮಡಿ ತುಳಿದು ಕಾಲು ತೂರಿಸುವ ಅಭ್ಯಾಸವಿದ್ದರೆ ಯಾವ ಶೂನ ಹಿಂಭಾಗವೂ ಬಾಳಲ್ಲ.

ಇನ್ನೊಂದು ಮಾತು. ಡಿಸ್ಕೌಂಟ್ ಇದೆ ಅಂತ ಎರಡು ಜೋಡಿ ತಗೊಂಡು ಒಂದನ್ನು ಡಬ್ಬದಲ್ಲೇ ಬಚ್ಚಿಡಬೇಡಿ. ಪಾಲಿಯುರೆಥೇನ್ ಫೋಮ್ ಇರುವ ಸೋಲ್‌ಗಳು ಗಾಳಿಯ ತೇವ ಹೀರಿಕೊಂಡು ಒಳಗೊಳಗೇ ಕೊಳೆಯುತ್ತವೆ. ಹಾಕದೇ ಇಟ್ಟರೂ ಕೆಲವು ವರ್ಷಗಳ ನಂತರ ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ಕರಾವಳಿ, ಮಲೆನಾಡಿನವರಿಗೆ ಇದು ಇನ್ನೂ ಬೇಗ. ಹಾಗೇ, ‘ಫಸ್ಟ್ ಕಾಪಿ’ ಅಂತ ಎರಡು–ಮೂರು ಸಾವಿರಕ್ಕೆ ಸಿಗೋದರಲ್ಲಿ ಹೊರಗಿನ ಚೆಂದ ಮಾತ್ರ ಸಿಗುತ್ತೆ. ಒಳಗಿನ ಮೆತ್ತೆ ಏನು ಅಂತ ಯಾರಿಗೂ ಗೊತ್ತಿರಲ್ಲ. ಬಜೆಟ್ ಅಷ್ಟೇ ಇದ್ದರೆ ಒಳ್ಳೆಯ ಕಂಪನಿಯ ಸಾದಾ ವಾಕಿಂಗ್ ಶೂ ಸಾವಿರ ಪಾಲು ಮೇಲು.

ಅಗಲ ಪಾದದ ಲೆಕ್ಕ

ಈಗ ಅಗಲದ ವಿಷಯಕ್ಕೆ ಬರೋಣ. ನಮ್ಮ ಅಂಗಡಿಗಳಲ್ಲಿ ನಡೆಯೋದು ಬ್ರಿಟಿಷರ ಅಳತೆ. ಒಂದು ಸೈಜ್‌ನಿಂದ ಇನ್ನೊಂದಕ್ಕೆ ಇಂಚಿನ ಮೂರನೇ ಒಂದು ಭಾಗ ಉದ್ದ ಹೆಚ್ಚುತ್ತೆ. ಆ ನಂಬರು ಅಗಲದ ಬಗ್ಗೆ ಏನೂ ಹೇಳಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯಿತು. ಕಂಡದ್ದು ಇಷ್ಟು: ಭಾರತೀಯರ ಪಾದಗಳು ಸಾಮಾನ್ಯವಾಗಿ ಹೆಚ್ಚು ಅಗಲ. ಕಿರಿದಾದ ಶೂ ಹಿಡಿಸದೆ ನಾವು ಒಂದು ಸೈಜ್ ದೊಡ್ಡದು ತಗೊಳ್ಳುತ್ತೀವಿ. ಆಗ ಅಗಲ ಸರಿಹೋಗುತ್ತೆ, ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತೆ. ಇದಕ್ಕಾಗಿಯೇ ‘ಭಾ’ ಎಂಬ ಭಾರತೀಯ ಅಳತೆ ಪದ್ಧತಿಯನ್ನು ಪ್ರಸ್ತಾಪಿಸಿದ್ದಾರೆ.

ಇದನ್ನು ಓದಿದ ಮೇಲೆ ನಾನು ಮಾಡಿದ್ದು ಸುಲಭದ ಕೆಲಸ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಹಾಳೆಯ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದೆ. ಎಡಗಾಲು ಬಲಗಾಲಿಗಿಂತ ಅರ್ಧ ಸೆಂಟಿಮೀಟರ್ ಉದ್ದ! ಶೂ ಯಾವಾಗಲೂ ದೊಡ್ಡ ಕಾಲಿಗೆ ತಗೋಬೇಕು. ಡಬ್ಬದ ಮೇಲೆ ಯುಕೆ, ಯುಎಸ್, ಇಯು ಅಂತ ಮೂರು ನಂಬರ್ ಇದ್ದು ಗೊಂದಲವಾದರೆ ಪಕ್ಕದಲ್ಲಿರುವ ಸೆಂಟಿಮೀಟರ್ ನೋಡಿ. ನ್ಯೂ ಬ್ಯಾಲೆನ್ಸ್‌ನ ಕೆಲವು ಮಾಡೆಲ್‌ಗಳಲ್ಲಿ ಅಗಲಕ್ಕೂ ಅಕ್ಷರ ಇರುತ್ತೆ: ಗಂಡಸರಲ್ಲಿ ‘ಡಿ’ ಮಾಮೂಲಿ, ‘2ಇ’ ಅಗಲ, ‘4ಇ’ ಇನ್ನೂ ಅಗಲ. ಹೆಂಗಸರಲ್ಲಿ ‘ಬಿ’ ಮಾಮೂಲಿ, ‘ಡಿ’ ಅಗಲ.

ಅಂಗಡಿಯಲ್ಲಿ ಅಮ್ಮ

ಅಳತೆ ಹಾಳೆ ಹಿಡಿದು ಮಾಲ್‌ಗೆ ಹೊರಟ ಶನಿವಾರ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ಜೊತೆಗೆ ಕರೆದುಕೊಂಡು ಹೋದೆ. ಬೆಲೆ ಕೇಳಿ, “ಹದಿನೈದು ಸಾವಿರಾನಾ? ನಿಮ್ಮಪ್ಪನ ಮೊದಲ ಸ್ಕೂಟರ್‌ಗೆ ಇಷ್ಟಾಗಿತ್ತು ಕಣೇ” ಅಂದರು. ಎರಡು ಶೂಗಳೂ ಎರಡು ಬ್ರ್ಯಾಂಡ್‌ ಇಟ್ಟಿದ್ದ ಆ ಅಂಗಡಿಯಲ್ಲೇ ಇದ್ದವು. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಹಾಕಿ ಓಡಾಡಿ ನೋಡಿದೆ. ಕಯಾನೊ ಹಗುರ, ಭದ್ರ. ಆದರೆ ಕಿರುಬೆರಳಿಗೆ ಪಕ್ಕದ ಪಟ್ಟಿ ಒತ್ತುತ್ತಿತ್ತು. 2002ಆರ್‌ನಲ್ಲಿ ಬೆರಳುಗಳಿಗೆ ಜಾಗ ಇತ್ತು.

“ನೀವೂ ಹಾಕಿ ನೋಡಿ ಅಮ್ಮ, ದುಡ್ಡೇನೂ ಇಲ್ಲ” ಅಂದೆ ತಮಾಷೆಗೆ. ಅಂಗಡಿಯ ಹುಡುಗ ಅವರ ಸೈಜ್‌ನ ಒಂದೊಂದು ತಂದುಕೊಟ್ಟ. ಅಮ್ಮ ಕನ್ನಡಿ ಮುಂದೆ ನಾಲ್ಕು ಹೆಜ್ಜೆ ನಡೆದರು. ಸೀರೆ ಕೆಳಗೆ ಬೆಳ್ಳಿ ಶೂ ನೋಡಿ ಅವರಿಗೇ ನಗು.

“ಯಾವುದು ಚೆನ್ನಾಗಿದೆ?”

“ಎರಡೂ ಒಂದೇ ಥರ ಕಣೇ. ಹಾಕ್ಕೊಂಡಿದೀನೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ.”

“ಅಷ್ಟು ಕಂಫರ್ಟ್ ಆಂಟಿ” ಅಂತ ಹುಡುಗ ಖುಷಿಪಟ್ಟ.

ಬಿಚ್ಚಿದಾಗ ಬಲಗಾಲಿನ ಶೂ ಮೂತಿಯಿಂದ ಕಾಗದದ ಉಂಡೆ ಉರುಳಿತು. ಆಕಾರ ಕೆಡದಿರಲಿ ಅಂತ ಕಂಪನಿ ತುರುಕಿದ್ದ ಕಾಗದ, ತೆಗೆಯೋದು ಹುಡುಗನಿಗೆ ಮರೆತಿತ್ತು. ಲಿಂಬೆಹಣ್ಣಿನಷ್ಟು ದಪ್ಪ. ಅದರ ಮೇಲೆ ಬೆರಳು ಮಡಚಿಕೊಂಡೇ ಅಮ್ಮ ನಡೆದಿದ್ದರು. ಹೆಬ್ಬೆರಳ ತುದಿ ಕೆಂಪಾಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಅಮ್ಮನಿಗೆ ಹನ್ನೊಂದು ವರ್ಷದಿಂದ ಶುಗರ್. ಅವತ್ತು ಶೂ ತಗೊಳ್ಳದೆ ಮನೆಗೆ ಬಂದೆವು. ಸೋಮವಾರ ಡಾಕ್ಟರ್ ಹತ್ತಿರ ಹೋದೆವು. ಅವರು ಅಮ್ಮನಿಗೆ ಕಣ್ಣು ಮುಚ್ಚೋಕೆ ಹೇಳಿ ನೈಲಾನ್ ಎಳೆಯೊಂದನ್ನು ಪಾದದ ಬೇರೆ ಬೇರೆ ಕಡೆ ಮೆಲ್ಲಗೆ ಒತ್ತಿದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆಯದು, ಮೊನೊಫಿಲಮೆಂಟ್ ಅಂತಾರೆ. ತಾಗಿದಾಗ “ಹೂಂ” ಅನ್ನಬೇಕು. ಹೆಬ್ಬೆರಳಿನಲ್ಲಿ ಎಳೆ ಬಾಗಿತು, ಅಮ್ಮ ಸುಮ್ಮನಿದ್ದರು. ಅದರ ಹಿಂದಿನ ಉಬ್ಬಿನಲ್ಲೂ ಸುಮ್ಮನಿದ್ದರು. ಕಣ್ಣು ಮುಚ್ಚಿಕೊಂಡೇ “ಶುರು ಮಾಡಿದ್ರಾ ಡಾಕ್ಟ್ರೇ?” ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು.

ಹಲವು ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ನರಗಳು ಸೊರಗಿ ಪಾದದ ಸ್ಪರ್ಶ ಕಳೆದುಹೋಗುತ್ತೆ. ಆಮೇಲೆ ಶೂ ಕಚ್ಚಿದರೂ, ಕಲ್ಲು ಚುಚ್ಚಿದರೂ ನೋವಿಲ್ಲ. ನೋವಿಲ್ಲದ ಗಾಯ ಕಣ್ಣಿಗೆ ಬೀಳೋ ಹೊತ್ತಿಗೆ ಆಳಕ್ಕೆ ಇಳಿದಿರುತ್ತೆ. ಬೆರಳು, ಪಾದ ಕಳೆದುಕೊಳ್ಳುವ ಕಥೆಗಳು ಶುರುವಾಗೋದು ಹೀಗೇ. ಐಸಿಎಂಆರ್ ಬೆಂಬಲದ ಅಧ್ಯಯನವೊಂದು 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ನಮ್ಮಲ್ಲಿ ಎಷ್ಟು ಜನರ ಅಪ್ಪ–ಅಮ್ಮ ಆ ಲೆಕ್ಕದಲ್ಲಿದ್ದಾರೋ!

ಅಮ್ಮನ ಅದೃಷ್ಟ, ಗಾಯ ಆಗಿರಲಿಲ್ಲ. ಡಾಕ್ಟರ್ ಮೊದಲು ತೆಗೆಸಿದ್ದು ಹವಾಯಿ ಚಪ್ಪಲಿ. ಬೆರಳ ಸಂದಿಯ ಪಟ್ಟಿ ಉಜ್ಜಿ ಗಾಯವಾಗುತ್ತೆ, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗಲ್ಲ. ಬದಲಿಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರ್ ಹಾಸಿನ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬರೆದರು. ಹೊರಗೊಂದು, ಮನೆಯೊಳಗೊಂದು. “ಮನೆ ಒಳಗೆ ಯಾರಾದ್ರೂ ಚಪ್ಪಲಿ ಹಾಕ್ತಾರಾ?” ಅಂತ ಅಮ್ಮನ ತಕರಾರು. “ದೇವರ ಮನೆಗೆ ಬೇಡ, ಅಡುಗೆ ಮನೆಗೆ ಹಾಕಿ” ಅಂತ ರಾಜಿಯಾಯಿತು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಬಗ್ಗೋಕೆ ಆಗದಿದ್ದರೆ ಕೆಳಗೆ ಕನ್ನಡಿ ಇಟ್ಟು ನೋಡಬೇಕು. ಹೊಸ ಪಾದರಕ್ಷೆಯನ್ನು ಮೊದಲು ಒಂದರ್ಧ ಗಂಟೆ ಹಾಕಿ, ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯಾ ನೋಡಬೇಕು. ಹಾಕುವ ಮುನ್ನ ಒಳಗೆ ಕೈಹಾಕಿ ತಡವಬೇಕು. ಎರಡು ಜೋಡಿಗೆ ಮೂರು ಸಾವಿರದೊಳಗೇ ಮುಗಿಯಿತು.

ನನ್ನ ಹದಿನಾರು ಸಾವಿರದಲ್ಲಿ ಅದು ಹೋಯಿತು, ಶೂ ಎರಡು ತಿಂಗಳು ಮುಂದಕ್ಕೆ ಹೋಯಿತು. ಸೇಲ್ ಬಂದಾಗ ಮತ್ತೆ ಅದೇ ಪ್ರಶ್ನೆ. ಈ ಸಲ ಉತ್ತರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನನ್ನ ಕಣ್ಣಿಗೆ ಇಷ್ಟ ಕಯಾನೊ. ಮಳೆ ಲೆಕ್ಕದಲ್ಲೂ ಅದೇ ಮುಂದೆ. ಆದರೆ ನನ್ನ ಕಿರುಬೆರಳು ಬೇಡ ಅಂದಿತ್ತು. ಬೆರಳಿಗೆ ಬೇಡ ಅನ್ನುವ ಶಕ್ತಿ ಇರೋದೇ ಎಷ್ಟು ದೊಡ್ಡದು ಅಂತ ಆ ಸೋಮವಾರ ಕ್ಲಿನಿಕ್‌ನಲ್ಲಿ ನೋಡಿದ್ದೆ. ಕಡು ಬೂದು ಬಣ್ಣದ 2002ಆರ್ ತಗೊಂಡೆ. ಮಳೆಯ ದಿನಕ್ಕೆ ಹಳೇ ಫ್ಲೋಟರ್ಸ್ ಇದೆ.

ಹಾಗಾದ್ರೆ ನಿಮಗೆ ಯಾವುದು?

• ಪಾದ ತೆಳು ಅಥವಾ ಮಾಮೂಲಿ ಅಗಲ, ಮಳೆಯಲ್ಲಿ ಓಡಾಟ ಜಾಸ್ತಿ, ಕಾಲು ಬೆವರುತ್ತೆ, ಹೊಳಪು ಇಷ್ಟ: ಬೆಳ್ಳಿ–ಜಾಲರಿ.

• ಪಾದ ಅಗಲ, ಆಫೀಸಿಗೂ ಅದೇ ಶೂ ಬೇಕು, ವಾರಕ್ಕೊಮ್ಮೆ ಬ್ರಷ್ ಹಿಡಿಯೋಕೆ ಬೇಸರವಿಲ್ಲ: ಬೂದು–ಸ್ವೇಡ್.

• ಎರಡನ್ನೂ ಒಂದೊಂದು ಕಾಲಿಗೆ ಹಾಕಿ, ನೀವು ದಿನಾ ಹಾಕುವ ಸಾಕ್ಸ್‌ನಲ್ಲೇ, ಸಂಜೆ ಹೊತ್ತು, ಹತ್ತು ನಿಮಿಷ ನಡೆದು ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ.

• “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ” ಅನ್ನುವ ಮಾತು ನಂಬಬೇಡಿ. ಅಂಗಡಿಯಲ್ಲಿ ಒತ್ತುವ ಶೂ ಮೆಟ್ರೊದಲ್ಲೂ ಒತ್ತುತ್ತೆ.

• ಆನ್‌ಲೈನ್‌ನಲ್ಲಿ ತರಿಸಿದರೆ ಟ್ಯಾಗ್ ಕೀಳುವ ಮುನ್ನ ಮನೆಯೊಳಗೇ ನಡೆದು ನೋಡಿ. ವಾಪಸ್ ಕಳಿಸುವ ಕೊನೆಯ ದಿನ ಮೊಬೈಲ್‌ನಲ್ಲಿ ಗುರುತು ಹಾಕಿಕೊಳ್ಳಿ.

• ಶುಗರ್ ಇರುವವರು ರೆಟ್ರೊ, ಫ್ಯಾಷನ್ ಎಲ್ಲ ಆಮೇಲೆ. ವರ್ಷಕ್ಕೊಮ್ಮೆ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಮೇಲೆ ಶೂ.

ಊರಿಗೆ ಹೋದಾಗ ಅಪ್ಪ–ಅಮ್ಮನ ಚಪ್ಪಲಿ ಒಮ್ಮೆ ತಿರುಗಿಸಿ ನೋಡಿ. ಹಿಮ್ಮಡಿ ಎಷ್ಟು ಸವೆದಿದೆ, ಒಳಗೆ ಏನಾದರೂ ಚುಚ್ಚಿಕೊಂಡಿದೆಯಾ ಅಂತ. ಆಮೇಲೆ ಅವರ ಕಾಲನ್ನು ನಿಮ್ಮ ತೊಡೆ ಮೇಲೆ ಇಟ್ಟುಕೊಂಡು ಅಂಗಾಲು ನೋಡಿ. ಬೇಡ ಬೇಡ ಅಂತಾರೆ. ಆದರೂ ನೋಡಿ.